ಪ್ರಸಂಗಪೀಠದಲ್ಲಿ ಕಥೆ: ಮಧ್ಯಯುಗದ ದೃಷ್ಟಾಂತಗಳು ನಮಗೆ ಕಲಿಸುವ ಪಾಠ

ಪ್ರಸಂಗದಲ್ಲಿ ಕಥೆಗೆ ಎಷ್ಟು ಸ್ಥಳವಿರಬೇಕೆಂಬ ಪ್ರಶ್ನೆ ನಮ್ಮ ಕಾಲದಲ್ಲಿ ಹುಟ್ಟಿದುದಲ್ಲ. ಕರ್ತನು ತಾನೇ ಸಾಮ್ಯಗಳ ಮೂಲಕ ಬೋಧಿಸಿದ್ದರಿಂದ ಸಭೆಯಲ್ಲಿ ಕಥನಕ್ಕೆ ಆದಿಯಿಂದಲೂ ಮಾನ್ಯತೆಯಿತ್ತು. ಆದರೆ ಕೇಳುಗರ ಕಿವಿಯನ್ನು ಗೆಲ್ಲುವ ಕಥೆಯು ದೇವರ ವಾಕ್ಯಕ್ಕೆ ದಾರಿ ಮಾಡಿಕೊಡುತ್ತದೆಯೋ ಅಥವಾ ವಾಕ್ಯದ ಸ್ಥಾನವನ್ನೇ ಆಕ್ರಮಿಸುತ್ತದೆಯೋ ಎಂಬ ಶಂಕೆಯೂ ಬಹು ಹಳೆಯದು. ಪಶ್ಚಿಮದ ಸಭೆಯು ಇದನ್ನು ತೀವ್ರವಾಗಿ ಎದುರಿಸಿದ್ದು 13ನೆಯ ಶತಮಾನದಲ್ಲಿ. ಆ ಕಾಲದ ಬೋಧಕರು 'ಎಕ್ಸೆಂಪ್ಲುಮ್' ಎಂದು ಕರೆದ ದೃಷ್ಟಾಂತ ಕಥೆಯ ಚರಿತ್ರೆಯನ್ನು ಇಲ್ಲಿ ಪರಿಶೀಲಿಸೋಣ.

ಇದಕ್ಕೆ ಅಡಿಪಾಯ ಹಾಕಿದವರು ಇಬ್ಬರು. ವಾಗ್ಮಿತೆಯನ್ನು ಕಲಿಸುವ ಗುರುವಾಗಿದ್ದ ಅಗಸ್ಟೀನನು ಕ್ರೈಸ್ತ ಬೋಧನೆಯನ್ನು ಕುರಿತ ತನ್ನ ಗ್ರಂಥದ ನಾಲ್ಕನೆಯ ಭಾಗದಲ್ಲಿ ಸಿಸೆರೋನ ಮಾತನ್ನು ಅಂಗೀಕರಿಸಿ, ಬೋಧಕನು ಕಲಿಸಬೇಕು, ಹರ್ಷಗೊಳಿಸಬೇಕು, ಮನಸ್ಸನ್ನು ಮಿಡಿಸಬೇಕು ಎಂದು ವಿವರಿಸಿದನು. 590ರಲ್ಲಿ ರೋಮಿನ ಬಿಷಪನಾದ ಮಹಾ ಗ್ರೆಗೊರಿಯು ಇದನ್ನು ಆಚರಣೆಗೆ ತಂದನು. ಅನಾರೋಗ್ಯದ ನಿಮಿತ್ತ ಅವನ ಕೆಲವು ಪ್ರಸಂಗಗಳನ್ನು ಲೇಖಕನೊಬ್ಬನು ಓದಬೇಕಾಗುತ್ತಿತ್ತು. ಓದಿದ ಪ್ರಸಂಗಕ್ಕೆ ಜನರು ಸರಿಯಾಗಿ ಕಿವಿಗೊಡುವುದಿಲ್ಲವೆಂಬುದನ್ನು ಗಮನಿಸಿದ ಅವನು ಶಕ್ತಿಯಿದ್ದಾಗ ತಾನೇ ಮಾತನಾಡಲು ಯತ್ನಿಸಿದನು. ತರ್ಕದ ಮಾತಿಗಿಂತ ಉದಾಹರಣೆಯೇ ಅನೇಕರ ಹೃದಯವನ್ನು ಹೆಚ್ಚಾಗಿ ತಟ್ಟುತ್ತದೆಂಬುದು ಅವನ ಅನುಭವವಾಗಿತ್ತು. ಆದುದರಿಂದ ಅವನ ಸುವಾರ್ತಾ ಪ್ರಸಂಗಗಳಲ್ಲಿ ಹಲವು ಒಂದು ಕಥೆಯಿಂದ ಮುಗಿಯುತ್ತವೆ. ಆ ಕಥೆಗಳ ಪಾತ್ರಗಳು ಬಹುಮಟ್ಟಿಗೆ ಅವನ ಕಾಲದ, ಅವನ ನಾಡಿನ ಜನರೇ.

1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು, ಬಿಷಪರು ತಾವೇ ಎಲ್ಲ ಕಡೆ ಬೋಧಿಸಲಾಗದಿದ್ದರೆ ಸಮರ್ಥರಾದ ಬೋಧಕರನ್ನು ನೇಮಿಸಬೇಕೆಂದು ವಿಧಿಸಿತು. ಮರುವರ್ಷವೇ ಡೊಮಿನಿಕನ ಬೋಧಕ ಸಂಘಕ್ಕೆ ಪೋಪರ ಮನ್ನಣೆ ದೊರೆಯಿತು. ಬೆಳೆಯುತ್ತಿದ್ದ ಪಟ್ಟಣಗಳಲ್ಲಿ ಲ್ಯಾಟಿನ್ ಅರಿಯದ ವರ್ತಕರು, ಕುಶಲಕರ್ಮಿಗಳು, ಆಳುಗಳು ಬೋಧಕನ ಮುಂದೆ ನಿಂತರು. ಮಠದ ಪಾಂಡಿತ್ಯ ಇವರಿಗೆ ಸಾಲದಾಯಿತು. ಆಕರ್ ಪಟ್ಟಣದ ಬಿಷಪನಾಗಿದ್ದು ಬಳಿಕ ಕಾರ್ಡಿನಲ್ ಆದ ವಿತ್ರಿಯ ಯಾಕೋಬನು (ಮರಣ 1240) ಕೇಳುಗರ ವೃತ್ತಿ ಹಾಗೂ ಸ್ಥಿತಿಗತಿಗಳಿಗೆ ತಕ್ಕಂತೆ ಬೇರೆಬೇರೆ ಪ್ರಸಂಗಗಳನ್ನು ರಚಿಸಿ ಅವುಗಳಲ್ಲಿ ಕಥೆಗಳನ್ನು ಹೆಣೆದನು. ಮಾರುಕಟ್ಟೆಗೆ ಹಾಲಿನ ಮಡಕೆಯನ್ನು ಒಯ್ಯುತ್ತಾ ಐಶ್ವರ್ಯದ ಕನಸು ಕಂಡು ಮಡಕೆಯನ್ನೇ ಒಡೆದುಕೊಂಡ ಸ್ತ್ರೀಯ ಕಥೆ ಅವನಲ್ಲಿದೆ. ಪಂಚತಂತ್ರದ ಹಿಟ್ಟಿನ ಮಡಕೆಯ ಬ್ರಾಹ್ಮಣನನ್ನು ಬಲ್ಲ ನಮಗೆ ಆಕೆ ಅಪರಿಚಿತಳಲ್ಲ. ಭಾರತದ ಕಥೆಗಳು ಪಾರಸಿ, ಅರಬ್ಬಿ ಭಾಷೆಗಳನ್ನು ಹಾದು ಯೂರೋಪಿನ ಪ್ರಸಂಗಪೀಠವನ್ನು ಏರಿದ್ದವು.

ಕಥೆಯ ಅಪಾಯವೂ ಆಗಲೇ ಕಾಣಿಸಿಕೊಂಡಿತ್ತು. ಹೈಸ್ಟರ್‌ಬಾಖ್‌ನ ಸನ್ಯಾಸಿ ಸಿಸೇರಿಯಸ್ ತನ್ನ ಮಠದ ಹಿರಿಯ ಗೆವಾರ್ಡನ ಒಂದು ಪ್ರಸಂಗವನ್ನು ದಾಖಲಿಸಿದ್ದಾನೆ. ಸನ್ಯಾಸಿಗಳು ತೂಕಡಿಸುತ್ತಿರುವುದನ್ನು ಕಂಡ ಗೆವಾರ್ಡನು ಬೋಧನೆಯನ್ನು ನಿಲ್ಲಿಸಿ, ಆರ್ಥರ್ ಎಂಬ ರಾಜನ ಕಥೆಯನ್ನು ಹೇಳುವವನಂತೆ ಮಾತು ತೆಗೆದನು. ಎಲ್ಲರೂ ಥಟ್ಟನೆ ಎಚ್ಚೆತ್ತರು. ಅವನು ಕಥೆಯನ್ನು ಮುಂದುವರಿಸಲಿಲ್ಲ. ದೇವರ ವಿಷಯಕ್ಕೆ ನಿದ್ರಿಸಿ ಲಘುವಾದ ಮಾತಿಗೆ ಕಿವಿ ನಿಮಿರಿಸಿದಿರಲ್ಲಾ ಎಂದು ಗದರಿಸಿದನು. ಆ ಎಚ್ಚರವನ್ನು ಏತಕ್ಕೆ ಬಳಸಬೇಕೆಂಬುದೇ ಬೋಧಕನ ಮುಂದಿನ ಪ್ರಶ್ನೆ. ಶತಮಾನದ ಬಳಿಕ ದಾಂತೆಯು ತನ್ನ 'ಪರದೀಸೊ'ದಲ್ಲಿ, ನಗೆಮಾತುಗಳಿಂದ ಜನರನ್ನು ರಂಜಿಸುವ ಬೋಧಕರನ್ನು ಕಠಿಣವಾಗಿ ಖಂಡಿಸಿದನು.

ಕಥೆಯು ಬೋಧಕನ ಹಿಡಿತವನ್ನೂ ಮೀರಬಲ್ಲದು. ಡೊಮಿನಿಕನ್ ಬೋಧಕ ಬೂರ್ಬೋನಿನ ಸ್ತೆಫನನು ಪವಿತ್ರಾತ್ಮನ ಏಳು ವರಗಳ ಕ್ರಮದಲ್ಲಿ ಸುಮಾರು 3000 ದೃಷ್ಟಾಂತಗಳನ್ನು ಸಂಗ್ರಹಿಸತೊಡಗಿದನು. 1261ರ ಸುಮಾರಿಗೆ ಅವನು ತೀರಿಕೊಂಡಾಗ ಕೆಲಸ ಇನ್ನೂ ಮುಗಿದಿರಲಿಲ್ಲ. ಲಿಯೋನ್ ಪ್ರಾಂತದ ತಾಯಂದಿರು ತಮ್ಮ ರೋಗಿ ಮಕ್ಕಳನ್ನು ಗಿನೆಫೋರ್ ಎಂಬ 'ಸಂತ'ನ ಬಳಿಗೆ ಒಯ್ಯುತ್ತಿರುವುದನ್ನು ಅವನು ಅವರ ಪಾಪನಿವೇದನೆಯಿಂದ ತಿಳಿದನು. ವಿಚಾರಿಸಿದಾಗ ಆ ಸಂತನು ಒಂದು ನಾಯಿಯಾಗಿತ್ತು! ಮಗುವನ್ನು ಹಾವಿನಿಂದ ಕಾಪಾಡಿದ ನಾಯಿಯನ್ನು, ರಕ್ತದ ಕಲೆಯನ್ನು ಕಂಡು ಮೋಸಹೋದ ಯಜಮಾನನು ಕೊಂದನಂತೆ. ಪಂಚತಂತ್ರದ ಮುಂಗುಸಿಯ ಕಥೆಯೂ ಇದೇ. ಸ್ತೆಫನನು ಎಲುಬುಗಳನ್ನು ಅಗೆಸಿ ಸುಡಿಸಿದನು, ತೋಪನ್ನು ಕಡಿಸಿದನು. ಆದರೂ ಆ ಭಕ್ತಿ ಶತಮಾನಗಳವರೆಗೆ ಉಳಿಯಿತು.

ಇದಕ್ಕಿಂತ ಘೋರವಾದ ಫಲವನ್ನು ನಾವು ಮರೆಮಾಚಲಾಗದು. ಯೆಹೂದ್ಯರು ಕರ್ತನ ಭೋಜನದ ರೊಟ್ಟಿಯನ್ನು ಇರಿದು ಹಿಂಸಿಸಿದರೆಂಬ ಸುಳ್ಳು ಕಥೆಗಳೂ ದೃಷ್ಟಾಂತಗಳ ವೇಷದಲ್ಲಿ ಪ್ರಸಂಗಪೀಠದಿಂದ ಹರಡಿದವು. 1290ರಲ್ಲಿ ಪ್ಯಾರಿಸಿನಲ್ಲಿ ಅಂತಹ ಆರೋಪದ ಮೇಲೆ ಯೆಹೂದ್ಯನೊಬ್ಬನನ್ನು ಸುಡಲಾಯಿತು. ಆ ಘಟನೆಯೇ ಬೋಧಕರಿಗೆ ಮತ್ತೊಂದು ಕಥೆಯಾಯಿತು. 1298ರಲ್ಲಿ ಜರ್ಮನಿಯ ಫ್ರಾಂಕೋನಿಯದಲ್ಲಿ ಇಂತಹದೇ ಆರೋಪದಿಂದ ಹೊತ್ತಿದ ಹಿಂಸೆಯಲ್ಲಿ ಅನೇಕ ಯೆಹೂದ್ಯ ಸಮುದಾಯಗಳು ನಾಶವಾದವು. ಕಥನಕಲೆಯ ದೃಷ್ಟಿಯಿಂದ ಆ ಕಥೆಗಳಲ್ಲಿ ಕೊರತೆಯಿರಲಿಲ್ಲ: ಅವು ಚಿಕ್ಕವು, ಸ್ಪಷ್ಟವಾದವು, ಮನಸ್ಸಿನಲ್ಲಿ ನಾಟುವಂಥವು. ಕೊರತೆಯಿದ್ದದ್ದು ಸತ್ಯದಲ್ಲಿ ಮತ್ತು ಪ್ರೀತಿಯಲ್ಲಿ.

ಹಾಗಾದರೆ ಕಥೆಯನ್ನು ತ್ಯಜಿಸಬೇಕೇ? ಡೊಮಿನಿಕನ್ ಸಂಘದ ಮುಖ್ಯಸ್ಥನಾಗಿದ್ದ ರೋಮಾನ್ಸಿನ ಹುಂಬರ್ಟನು ಹಾಗೆ ಹೇಳಲಿಲ್ಲ. ಕಥೆಯು ಕೇಳುಗರಿಗೆ ತಕ್ಕುದಾಗಿರಬೇಕು, ನಂಬಲರ್ಹವಾದ ಮೂಲದಿಂದ ಬಂದಿರಬೇಕು, ಮಿತವಾಗಿರಬೇಕು ಎಂಬ ನಿಯಮಗಳನ್ನು ಅವನು ಮುಂದಿಟ್ಟನು. ಈ ಮೂರಕ್ಕೆ ಸತ್ಯವೇದದಿಂದಲೇ ನಾಲ್ಕನೆಯದೊಂದನ್ನು ಸೇರಿಸಬೇಕೆಂದು ನಮ್ಮ ಅಭಿಪ್ರಾಯ. ಪ್ರವಾದಿಯಾದ ನಾತಾನನು ದಾವೀದನಿಗೆ ಬಡವನ ಹೆಣ್ಣು ಕುರಿಮರಿಯ ಕಥೆಯನ್ನು ಹೇಳಿದಾಗ, ಅರಸನು ಯಾರನ್ನೋ ದಂಡಿಸಲು ಎದ್ದು ತನ್ನನ್ನೇ ಅಪರಾಧಿಯೆಂದು ಕಂಡನು. ಒಳ್ಳೆಯ ಸಮಾರ್ಯದವನ ಸಾಮ್ಯವು ಇನ್ನೂ ಮುಂದೆ ಹೋಗಿ, ಕೇಳುಗರು ಹೀನವಾಗಿ ಕಂಡವನನ್ನೇ ಮಾದರಿಯಾಗಿ ನಿಲ್ಲಿಸಿತು. ಸತ್ಯವೇದದ ಇಂತಹ ಕಥೆ ಕೇಳುವವನ ಕಡೆಗೆ ತಿರುಗುತ್ತದೆ. ಯೆಹೂದ್ಯರನ್ನು ದೂಷಿಸಿದ ಕಥೆಗಳೋ ಪೀಠದ ಮುಂದಿಲ್ಲದವರನ್ನು ಅಪರಾಧಿಗಳನ್ನಾಗಿ ಮಾಡಿ, ಕುಳಿತವರನ್ನು ನೀತಿವಂತರೆಂದು ಮನೆಗೆ ಕಳುಹಿಸಿದವು.

ಹರಿಕಥೆ, ಯಕ್ಷಗಾನಗಳ ನಾಡಿನಲ್ಲಿ ಈ ವಿಚಾರ ಕೇವಲ ಯೂರೋಪಿನದಲ್ಲ. ಫರ್ಡಿನಾಂಡ್ ಕಿಟ್ಟೆಲರು 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು 'ಕಥಾಮಾಲೆ' ಎಂಬ ಕನ್ನಡ ಪದ್ಯಕೃತಿಯಾಗಿ ಹೊರತಂದಾಗ, ಕಥೆಯನ್ನು ಕೇಳಿ ಬೆಳೆದ ಜನರಿಗೆ ಕಥೆಯಾಗಿಯೇ ಸುವಾರ್ತೆಯನ್ನು ನೀಡಬೇಕೆಂಬುದನ್ನು ಅರಿತಿದ್ದರು. ಇಂದು ಪ್ರಸಂಗವನ್ನು ಸಿದ್ಧಪಡಿಸುವ ನಾವು ಮೊಬೈಲಿನಲ್ಲಿ ಬಂದ ಮನಕರಗಿಸುವ ಕಥೆಯನ್ನು ಪೀಠಕ್ಕೆ ಒಯ್ಯುವ ಮೊದಲು ಎರಡನ್ನು ವಿಚಾರಿಸಬೇಕು: ಇದು ನಡೆದದ್ದೇ? ಇದನ್ನು ಕೇಳಿದವರು ಯಾರನ್ನು ತೀರ್ಪಿಗೆ ಒಳಪಡಿಸುವರು? ಮತ್ತೊಂದು ಧರ್ಮದ, ಜಾತಿಯ, ಬೀದಿಯ ಜನರನ್ನು ಎಂಬುದೇ ಉತ್ತರವಾದರೆ, ಎಷ್ಟೇ ಚೆನ್ನಾಗಿ ಹೇಳಬಲ್ಲವರಾದರೂ ಆ ಕಥೆಯನ್ನು ಕೈಬಿಡುವುದೇ ನಮಗೆ ಕರ್ತವ್ಯ.