ಅಪಸ್ಮಾರ

ಸಂಸ್ಕೃತದ ‘ಅಪ’ (ಇಲ್ಲವಾಗು, ದೂರ ಸರಿ) ಮತ್ತು ‘ಸ್ಮೃ’ (ನೆನೆ) ಸೇರಿ ಆದ ಪದ. ಅರಿವು ತಪ್ಪುವುದು ಎಂದರ್ಥ. ಚರಕಸಂಹಿತೆಯಲ್ಲಿ ಇದು ರೋಗದ ಹೆಸರು. ನಟರಾಜನ ಕಾಲಡಿಯ ಕುಳ್ಳನ ಹೆಸರೂ ಹೌದು. ಕನ್ನಡದ ಆಡುಮಾತಿನಲ್ಲಿ ಮೂರ್ಛೆರೋಗ, ಮಲರೋಗ, ಫಿಟ್ಸ್. ಪುಣೆಯ ಕನ್ನಡಿಗರ ಕಿವಿಗೆ ಬೀಳುವುದು ಮರಾಠಿಯ ‘ಫಿಟ್ ಆಲಿ’, ‘ಆಕಡಿ’, ‘ಮಿರ್ಗಿ’. ಬರಹದಲ್ಲಿ ಅಲ್ಲಿಯೂ ಅಪಸ್ಮಾರವೇ.

ಅಪಸ್ಮಾರದ ಸೆಳೆತ 5 ನಿಮಿಷ ದಾಟಿದರೆ ತುರ್ತು ವಿಭಾಗದ ವೈದ್ಯರು ಅದನ್ನು ‘ಸ್ಟೇಟಸ್ ಎಪಿಲೆಪ್ಟಿಕಸ್’ ಎಂದು ಕರೆದು, ತಡಮಾಡದೆ ಲೊರಾಜೆಪಾಮ್ ಅಥವಾ ಮಿಡಜೊಲಾಮ್ ಕೊಡುತ್ತಾರೆ. ಜೊತೆಗಿರುವವರು ಹೊತ್ತು ನೋಡಿಕೊಂಡು, ರೋಗಿಯನ್ನು ಮಗ್ಗುಲಿಗೆ ಹೊರಳಿಸಿ, 108ಕ್ಕೆ ಕರೆ ಮಾಡಬೇಕು. ಕೈಗೆ ಕಬ್ಬಿಣ, ಬಾಯಿಗೆ ನೀರು, ಮೂಗಿಗೆ ಈರುಳ್ಳಿ ಯಾವುದೂ ಬೇಡ.