ಏಕಾದಶಿ ತಾಟಿನ್ಯಾಗ ಪರದೇಶಿ ಬಟಾಟಿ

ಆಷಾಢ ಏಕಾದಶಿಗೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ವಿಠ್ಠಲನ ಭಕ್ತರ ಮನೆಗೆ ಹೋಗಿ ನೋಡ್ರಿ. ಅಕ್ಕಿ, ಗೋಧಿ, ಜೋಳ ಬಂದ್. ಎಷ್ಟೇ ಮಂದಿ ಕೂಡಿದ್ರೂ ಬಿಸಿ ಬಟಾಟಿ ಪಲ್ಯ ಇರ್ತದ: ಕುದಿಸಿದ ಬಟಾಟಿ, ಹಸಿಮೆಣಸಿನಕಾಯಿ, ಶೇಂಗಾ ಪುಡಿ, ಮೇಲಿಷ್ಟು ಲಿಂಬಿ ರಸ.

ಇವುಗಳ ತವರು ಯಾವುದು ಅಂತ ನಾನು ಹುಡುಕಿದೆ. ಬಟಾಟಿ, ಮೆಣಸಿನಕಾಯಿ, ಶೇಂಗಾ ಮೂರೂ ಅಮೆರಿಕ ಖಂಡದವು. ‘ಬಟಾಟಿ’ ಅನ್ನೋ ಪದವೂ 1510ರಲ್ಲಿ ಗೋವಾ ಗೆದ್ದ ಪೋರ್ಚುಗೀಸರ ಭಾಷೆಯದು. 13ನೇ ಶತಮಾನದ ಸಂತ ಜ್ಞಾನೇಶ್ವರರ ಕಾಲದಲ್ಲಿ ಏಕಾದಶಿ ಇತ್ತು, ಇವು ಮೂರೂ ಇರಲಿಲ್ಲ!

ಜರ್ಮನಿಗೂ ಬಟಾಟಿ ಹೊರಗಿನದೇ. ಬಟಾಟಿ ಬೆಳೀರಿ ಅಂತ ಪ್ರಶ್ಯಾದ ದೊರೆ 2ನೇ ಫ್ರೆಡರಿಕ್ 1756ರಲ್ಲಿ ಆದೇಶವನ್ನೇ ಹೊರಡಿಸಿದ. ಇವತ್ತು ದಕ್ಷಿಣ ಜರ್ಮನಿಯವರು ಬಿಸಿ ಬಟಾಟಿಗೆ ವಿನೆಗರ್, ಬಿಸಿ ಸಾರು ಸುರಿದು ಮಾಡೋ ಸಲಾಡ್ ಅವರ ಮನೆಯೂಟ. ಬಿಸಿ ಇದ್ದಾಗಲೇ ಹಾಕಿದ್ರೆ ಹುಳಿ ಒಳಗಿಳೀತದ.

ನಮ್ಮ ಗಡಿಯಲ್ಲಿ ಕನ್ನಡಕ್ಕೆ ಬಟಾಟಿ, ಮರಾಠಿಗೆ ಬಟಾಟಾ. ಯಾವುದು ನಮ್ಮದು, ಯಾವುದು ಪರರದು ಅಂತ ಜಗಳ ಎದ್ದಾಗ ಈ ತಾಟು ನೋಡ್ರಿ. ಹಡಗು ಹತ್ತಿ ಬಂದ ಪರದೇಶಿನೇ ಇವತ್ತು ದೇವರ ಉಪವಾಸಕ್ಕೆ ನಡೀತದ.