ಕಪ್ಪುಕುಳಿ ಮತ್ತು ಗೆಲಾಕ್ಸಿ: ಒಂದು ನಂಟಿನ ಚರಿತ್ರೆ

ದೊಡ್ಡ ಗೆಲಾಕ್ಸಿಗಳ ನಟ್ಟನಡುವೆ ಭಾರಿ ಕಪ್ಪುಕುಳಿಗಳಿವೆ, ಎರಡರ ಬೆಳವಣಿಗೆಯೂ ಒಂದಕ್ಕೊಂದು ಹೆಣೆದುಕೊಂಡಿದೆ ಎಂಬ ತಿಳಿವಳಿಕೆ ಗಟ್ಟಿಯಾಗಿ ಕಾಲು ಶತಮಾನವಷ್ಟೇ ಆಗಿದೆ. ಅದರ ಬೇರುಗಳು ಮಾತ್ರ 1960ರ ದಶಕದಲ್ಲಿ ಗುರುತಿಸಿದ ಕ್ವೇಸಾರ್ ಎಂಬ ಆಕಾಶಕಾಯಗಳಲ್ಲಿವೆ.

1962ರ ಆಗಸ್ಟ್ 5ರಂದು ಕನ್ಯಾರಾಶಿಯ 3ಸಿ 273 ಎಂಬ ರೇಡಿಯೊ ಆಕರ ಚಂದ್ರನ ಹಿಂದೆ ಮರೆಯಾಯಿತು. ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕ ಆ ಗಳಿಗೆಯನ್ನು ಹಿಡಿಯಬೇಕಿತ್ತು. ಆದರೆ ಆಕರ ದಿಗಂತದತ್ತ ಇಳಿದಿದ್ದರಿಂದ 64 ಮೀಟರ್ ಅಗಲದ ತಟ್ಟೆಯನ್ನು ಸುರಕ್ಷತೆಯ ಮಿತಿ ಮೀರಿ ಬಾಗಿಸಬೇಕಾಯಿತು. ಚಂದ್ರನ ಅಂಚು ಯಾವ ಕ್ಷಣ ಎಲ್ಲಿರುತ್ತದೆಂಬುದು ಕರಾರುವಾಕ್ಕಾಗಿ ಗೊತ್ತಿದ್ದುದರಿಂದ, ಸಂಕೇತ ನಿಂತ ಸಮಯದಿಂದಲೇ ಆಕರದ ಜಾಗ ಸಿಕ್ಕಿತು. (ಇದೇ ವಿಧಾನಕ್ಕೆಂದು ಗೋವಿಂದ್ ಸ್ವರೂಪ್ ಅವರ ತಂಡ ಊಟಿಯ ಬೆಟ್ಟದ ಇಳಿಜಾರಿನಲ್ಲಿ ಕಟ್ಟಿದ 530 ಮೀಟರ್ ಉದ್ದದ ದೂರದರ್ಶಕ 1970ರಲ್ಲಿ ಕೆಲಸ ಶುರುಮಾಡಿತು.)

3ಸಿ 273 ಇದ್ದ ಜಾಗದಲ್ಲಿ ನಕ್ಷತ್ರದಂತೆ ಕಾಣುತ್ತಿದ್ದ ಚುಕ್ಕೆಯ ರೋಹಿತವನ್ನು ಮಾರ್ಟನ್ ಸ್ಮಿಟ್ ಕ್ಯಾಲಿಫೋರ್ನಿಯಾದ ಪಾಲೋಮಾರ್ ವೀಕ್ಷಣಾಲಯದಲ್ಲಿ ತೆಗೆದರು. ಅದರ ಗೆರೆಗಳು ಯಾವ ಧಾತುವಿನವು ಎಂಬುದೇ ಮೊದಲು ತಿಳಿಯಲಿಲ್ಲ. 1963ರ ಫೆಬ್ರುವರಿಯಲ್ಲಿ, ಗೆರೆಗಳ ನಡುವಿನ ಅಂತರ ಕ್ರಮವಾಗಿ ಕಿರಿದಾಗುತ್ತಿರುವುದನ್ನು ಗಮನಿಸಿದಾಗ ಒಗಟು ಒಡೆಯಿತು. ಅವು ಹೈಡ್ರೋಜನ್ ಗೆರೆಗಳೇ, ಕೆಂಪಿನ ಕಡೆಗೆ ಶೇ. 16ರಷ್ಟು ಸರಿದಿದ್ದವು ಅಷ್ಟೆ. ಎಂದರೆ, ಹಿಗ್ಗುತ್ತಿರುವ ವಿಶ್ವದ ಲೆಕ್ಕದಲ್ಲಿ, ಆ ಚುಕ್ಕೆ 200 ಕೋಟಿ ಜ್ಯೋತಿರ್ವರ್ಷಕ್ಕೂ ದೂರದಲ್ಲಿತ್ತು, ಇಡೀ ಗೆಲಾಕ್ಸಿಗಳನ್ನು ಮೀರಿಸುವಷ್ಟು ಬೆಳಗುತ್ತಿತ್ತು. ಇಂಥವಕ್ಕೇ ಕ್ವೇಸಾರ್ ಎಂಬ ಹೆಸರು ಬಂತು.

ಇಷ್ಟೊಂದು ಬೆಳಕು ಇಷ್ಟು ಕಿರಿದಾದ ಜಾಗದಿಂದ ಬರುವುದು ಹೇಗೆ? 1964ರಲ್ಲಿ ಎಡ್ವಿನ್ ಸಾಲ್ಪೀಟರ್ ಮತ್ತು ಯಾಕೋವ್ ಝೆಲ್ಡೋವಿಚ್ ಬೇರೆ ಬೇರೆಯಾಗಿಯೇ ಒಂದೇ ಉತ್ತರಕ್ಕೆ ಬಂದರು: ಭಾರಿ ಕಾಯವೊಂದರ ಮೇಲೆ ಬೀಳುವ ಅನಿಲ ಬಿಡುವ ಶಕ್ತಿ ಅದು. 1969ರಲ್ಲಿ ಡೊನಾಲ್ಡ್ ಲಿಂಡನ್-ಬೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆ ಭಾರಿ ಕಾಯಗಳು ಕಪ್ಪುಕುಳಿಗಳಾದರೆ, ಕ್ವೇಸಾರ್‌ಗಳು ಆರಿಹೋದ ಮೇಲೂ ಅವು ಉಳಿದಿರಲೇಬೇಕು, ನಮ್ಮ ಸುತ್ತಲಿನ ಗೆಲಾಕ್ಸಿಗಳ ನಡುವಿನಲ್ಲೇ ಇರಬೇಕು. ಈ ಚರಿತ್ರೆಯಲ್ಲಿ ಇಷ್ಟು ದೂರ ಕಂಡ ಊಹೆ ಬೇರೊಂದಿಲ್ಲ. ಅದನ್ನು ಚೆನ್ನಾಗಿ ಒರೆಗೆ ಹಚ್ಚಲು ಮಾತ್ರ ಹಬಲ್ ದೂರದರ್ಶಕಕ್ಕಾಗಿ ಕಾಯಬೇಕಾಯಿತು.

1990ರ ದಶಕದಲ್ಲಿ ಗೆಲಾಕ್ಸಿಗಳ ನಡುವಿನ ನಕ್ಷತ್ರ, ಅನಿಲಗಳ ವೇಗವನ್ನು ಹಬಲ್ ಅಳೆಯುತ್ತ ಹೋದಂತೆ ಕಪ್ಪುಕುಳಿಗಳ ತೂಕ ಸಿಗತೊಡಗಿತು. ಗೆಲಾಕ್ಸಿಯ ನಡುವಿನ ಉಬ್ಬು ದೊಡ್ಡದಾದಷ್ಟೂ ಕಪ್ಪುಕುಳಿಯೂ ದೊಡ್ಡದು ಎಂಬುದನ್ನು 1998ರಲ್ಲಿ ಜಾನ್ ಮಗೋರಿಯನ್ ಮತ್ತು ಸಂಗಡಿಗರು ತೋರಿಸಿದರು. 2000ದಲ್ಲಿ ಎರಡು ತಂಡಗಳು, ಒಂದು ಲಾರಾ ಫೆರಾರೀಸ್ ಮತ್ತು ಡೇವಿಡ್ ಮೆರಿಟ್ ಅವರದು, ಇನ್ನೊಂದು ಕಾರ್ಲ್ ಗೆಬ್‌ಹಾರ್ಟ್ ಮತ್ತು ಜೊತೆಗಾರರದು, ಉಬ್ಬಿನ ನಕ್ಷತ್ರಗಳ ವೇಗದ ಹರವಿಗೂ ಕಪ್ಪುಕುಳಿಯ ತೂಕಕ್ಕೂ ಇನ್ನೂ ಬಿಗಿಯಾದ ಸಂಬಂಧವಿದೆಯೆಂದು ಪ್ರಕಟಿಸಿದವು.

ಖಗೋಳಜ್ಞರನ್ನು ಬೆರಗುಗೊಳಿಸಿದ್ದು ಈ ಬಿಗಿಯಾದ ಸಂಬಂಧವೇ. ನಮ್ಮ ಆಕಾಶಗಂಗೆಯ ಕಪ್ಪುಕುಳಿ 40 ಲಕ್ಷ ಸೂರ್ಯರಷ್ಟು ತೂಗಿದರೂ ಅದರ ಗುರುತ್ವದ ಹಿಡಿತ ಸುಮಾರು 10 ಜ್ಯೋತಿರ್ವರ್ಷದಾಚೆಗೆ ನಡೆಯದು. ಗೆಲಾಕ್ಸಿಯ ಅಗಲ ಒಂದು ಲಕ್ಷ ಜ್ಯೋತಿರ್ವರ್ಷ. ದೂರದ ನಕ್ಷತ್ರಗಳಿಗೆ ಕಪ್ಪುಕುಳಿಯ ಸುಳಿವೇ ಇರಬಾರದಿತ್ತು.

ಗುರುತ್ವಕ್ಕೆ ಎಟುಕದ್ದು ಶಕ್ತಿಗೆ ಎಟುಕುತ್ತದೆ. ಒಳಬೀಳುವ ದ್ರವ್ಯದ ಸುಮಾರು ಹತ್ತನೇ ಒಂದು ಪಾಲು ಶಕ್ತಿಯಾಗಿ ಹೊರಬರುತ್ತದೆ. ಕಪ್ಪುಕುಳಿ ಬೆಳೆಯುವಷ್ಟರಲ್ಲಿ ಹೀಗೆ ಹೊಮ್ಮಿದ್ದರ ಮೊತ್ತ ಇಡೀ ಉಬ್ಬನ್ನು ಕಟ್ಟಿಹಾಕಿರುವ ಶಕ್ತಿಯ ಹತ್ತಾರು ಪಟ್ಟು. ಅದರಲ್ಲಿ ಅಲ್ಪಸ್ವಲ್ಪ ಅನಿಲಕ್ಕೆ ತಗುಲಿದರೂ ಸಾಕು, ಅನಿಲ ಹೊರಗೆ ತಳ್ಳಲ್ಪಡುತ್ತದೆ, ನಕ್ಷತ್ರಗಳ ಹುಟ್ಟು ನಿಲ್ಲುತ್ತದೆ, ಕಪ್ಪುಕುಳಿಗೂ ಮೇವು ತಪ್ಪುತ್ತದೆ ಎಂದು ಜೋಸೆಫ್ ಸಿಲ್ಕ್ ಮತ್ತು ಮಾರ್ಟಿನ್ ರೀಸ್ 1998ರಲ್ಲೇ ವಾದಿಸಿದ್ದರು. ಅಂಥ ಹಸ್ತಕ್ಷೇಪದ ಕಣ್ಣಿಗೆ ಕಾಣುವ ಉದಾಹರಣೆ ಪರ್ಸಿಯಸ್ ಗೆಲಾಕ್ಸಿ ಗುಚ್ಛದಲ್ಲಿ ಸಿಕ್ಕಿತು. 2003ರಲ್ಲಿ ಪ್ರಕಟವಾದ ಚಂದ್ರಾ ಕ್ಷ-ಕಿರಣ ದೂರದರ್ಶಕದ ಚಿತ್ರಗಳಲ್ಲಿ, ನಡುವಿನ ಕಪ್ಪುಕುಳಿಯ ಚಿಮ್ಮುಗಳು ಬಿಸಿ ಅನಿಲದಲ್ಲಿ ಕೊರೆದ ಪೊಳ್ಳುಗಳೂ, ಅಲ್ಲಿಂದ ಹೊರಟ ಅಲೆಗಳೂ ಇದ್ದವು. ಒಂದು ಅಲೆಗೂ ಮುಂದಿನದಕ್ಕೂ ನಡುವೆ ಸುಮಾರು 1 ಕೋಟಿ ವರ್ಷ. ತಣಿದು ನಕ್ಷತ್ರಗಳಾಗಬೇಕಿದ್ದ ಅನಿಲವನ್ನು ಬಿಸಿಯಾಗಿಯೇ ಇರಿಸುವುದು ಈ ಅಲೆಗಳೂ ಪೊಳ್ಳುಗಳೂ ಸಾಗಿಸುವ ಶಕ್ತಿಯೇ ಎಂದು ಆ್ಯಂಡ್ರ್ಯೂ ಫೇಬಿಯನ್ ತಂಡ ವಿವರಿಸಿತು.

ಆದರೂ ಎಲ್ಲವನ್ನೂ ಈ ಹಸ್ತಕ್ಷೇಪದ ಲೆಕ್ಕಕ್ಕೆ ಬರೆಯಲಾಗದು. ಗೆಲಾಕ್ಸಿಗಳು ಮತ್ತೆ ಮತ್ತೆ ಕೂಡಿಕೊಂಡರೆ ಸರಾಸರಿಯಿಂದಲೇ ಇಂಥ ಅನುಪಾತ ಮೂಡಬಲ್ಲದು ಎಂದು 2011ರಲ್ಲಿ ಕ್ನುಡ್ ಯಾಂಕೆ ಮತ್ತು ಆಂಡ್ರಿಯಾ ಮಾಚ್ಚೊ ತೋರಿಸಿದರು. ನಂಟಿಗೆ ಇನ್ನೊಂದು ಮಿತಿಯೂ ಇದೆ: ಉಬ್ಬೇ ಇಲ್ಲದಂಥ ಎಂ33 ಗೆಲಾಕ್ಸಿಯಲ್ಲಿ ಭಾರಿ ಕಪ್ಪುಕುಳಿಯ ಕುರುಹೂ ಸಿಕ್ಕಿಲ್ಲ. ನಂಟು ಇಡೀ ಗೆಲಾಕ್ಸಿಯೊಂದಿಗಲ್ಲ, ಮುಖ್ಯವಾಗಿ ಅದರ ಉಬ್ಬಿನೊಂದಿಗೆ.

2022ರಿಂದ ಜೇಮ್ಸ್ ವೆಬ್ ದೂರದರ್ಶಕ ಈ ನಂಟು ಮೂಡಿದ್ದು ಹೇಗೆಂಬ ಪ್ರಶ್ನೆಯನ್ನು ಇನ್ನಷ್ಟು ಹಿಂದಕ್ಕೆ ಒಯ್ದಿದೆ. ಮಹಾಸ್ಫೋಟದ ನಂತರ ಕೇವಲ 47 ಕೋಟಿ ವರ್ಷಕ್ಕೆ ಇದ್ದ ಯುಎಚ್‌ಝಡ್1 ಗೆಲಾಕ್ಸಿಯಲ್ಲಿ ಕಪ್ಪುಕುಳಿಯ ತೂಕ ಅಲ್ಲಿನ ಎಲ್ಲ ನಕ್ಷತ್ರಗಳ ತೂಕಕ್ಕೆ ಹತ್ತಿರವಿರಬಹುದೆಂಬುದು ಅಂದಾಜು. ಇಂದಿನ ಗೆಲಾಕ್ಸಿಗಳಲ್ಲಿ ಅದು ಉಬ್ಬಿನ ಶೇ. 1ಕ್ಕಿಂತಲೂ ಕಡಿಮೆ. ಕೆಲವು ಕಡೆಯಾದರೂ ಕಪ್ಪುಕುಳಿಯೇ ಮೊದಲು ಬೆಳೆದು, ಗೆಲಾಕ್ಸಿ ಆಮೇಲೆ ಅದಕ್ಕೆ ಸರಿಗಟ್ಟಿರಬಹುದು. ಅಂಥ ಕಪ್ಪುಕುಳಿಯ ಬೀಜ ಸತ್ತ ನಕ್ಷತ್ರವೋ, ನಕ್ಷತ್ರವಾಗದೆ ನೇರವಾಗಿ ಕುಸಿದ ಅನಿಲದ ಮೋಡವೋ ಎಂಬ ಚರ್ಚೆಯಲ್ಲಿ ಯುಎಚ್‌ಝಡ್1 ಎರಡನೆಯದರ ಕಡೆಗೆ ವಾಲುತ್ತದೆ.